ಆಂಗಲ್ ಕಾಕ್

ಹನ್ನೊಂದು ವರ್ಷ ಅವನ್ನು ಯಾರೂ ಮುಟ್ಟಿರಲಿಲ್ಲ.
ಬೇಸಿನ್ನಿನ ಕೆಳಗೆ, ಫಿನಾಯಿಲ್ ಬಾಟಲಿಯ ಹಿಂದೆ
ಎರಡು ಕಾಕ್, ಎಡಕ್ಕೆ ಬಿಸಿ, ಬಲಕ್ಕೆ ತಣ್ಣೀರು,
ತೆರೆದೇ ಇದ್ದವು.
ಗಣಪತಿಗೆ ಮೊದಲಿನ ವಾರ
ನಲ್ಲಿಯ ವಾಷರ್ ಬದಲಿಸೋಣವೆಂದು
ಬಲಗಡೆಯದನ್ನು ಮುಚ್ಚಲು ಹೋದೆ. ಅಷ್ಟೇ.
ಅರ್ಧ ತಿರುಗಿ ನಿಂತಿತು, ಆಮೇಲೆ
ಕುತ್ತಿಗೆಯಿಂದ ಜಿನುಗತೊಡಗಿತು.
ಇದ್ದದ್ದೊಂದು ಕೆಲಸ, ಮುಚ್ಚುವುದು;
ಅದೇ ಮರೆತುಹೋಗಿತ್ತು.

ಭಾಂಡುಪಿನಲ್ಲಿ ನಮ್ಮ ಮನೆ.
ಮುಂಬಯಿ ಕುಡಿಯುವ ನೀರು ಇಲ್ಲೇ ಸೋಸಿ ಹೋಗುತ್ತದೆ,
ನಮಗೆ ಮಾತ್ರ ಬೆಳಿಗ್ಗೆ ಐದೂಮುಕ್ಕಾಲರಿಂದ ಏಳು.
ಎಲ್ಲಿಯದೋ ವೈತರಣಾ.
ಸತ್ತವರು ಹಸುವಿನ ಬಾಲ ಹಿಡಿದು ದಾಟಬೇಕೆಂದು
ಅಜ್ಜಿ ಹೆದರಿಸುತ್ತಿದ್ದ ಹೊಳೆ
ಈಗ ನನ್ನ ನೀಲಿ ಟಬ್ಬಿನಲ್ಲಿ
ನಿಮಿಷಕ್ಕೆ ನಲವತ್ತು ಹನಿ. ಎಣಿಸಿದ್ದೇನೆ.

ಪ್ಲಂಬರ್ ನಸರುದ್ದೀನ್ 'ಕಲ್' ಎಂದ.
ಗೌರಿ ಬಂದಳು, ಹೋದಳು, ಗಣಪತಿಯೂ ಮುಳುಗಿದ,
ನಸರುದ್ದೀನನ ನಾಳೆ ಬರಲಿಲ್ಲ.
ಕೆಳಗಿನ ಪಾಟಣ್‌ಕರ್ ಬಾಯಿ ಮೆಟ್ಟಿಲಲ್ಲಿ ಸಿಕ್ಕಿ
ತಮ್ಮ ಛಾವಣಿಯ ಕಲೆಯ ಫೋಟೋ ತೋರಿಸಿದರು.
ಜಗಳವಾಡಲಿಲ್ಲ. ಅದೇ ಕಷ್ಟವಾಯಿತು.

ಛೇಡಾ ಅಂಗಡಿಯ ಹುಡುಗ ಎರಡು ಕಾಕ್ ಇಟ್ಟ.
'ಸೋರುತ್ತಿರುವುದು ಒಂದೇ' ಎಂದೆ.
'ಒಂದೇ ದಿನ ಕೂಡಿಸಿದ ಜೋಡಿ ಅಲ್ಲವಾ, ಮೌಶಿ?
ಇನ್ನೊಂದು ಕಾಯುತ್ತಾ ಇದೆ.'
ಪಕ್ಕದಲ್ಲಿದ್ದ ಇವರು
ಟೇಪಿನ ಬೆಲೆ ಕೇಳಿದರು.

ರವಿವಾರ ಹನ್ನೊಂದಕ್ಕೆ ವಾಚ್‌ಮನ್ ರಾಮ್‌ಸಮುಝ್
ಟೆರೇಸಿನ ದೊಡ್ಡ ವಾಲ್ವು ಮುಚ್ಚಿದ.
ಬೋರ್ಡಿನ ಮೇಲೆ ಚಾಕಿನಲ್ಲಿ: ಬಿ ವಿಂಗ್, ನೀರಿಲ್ಲ, ಅರ್ಧ ಗಂಟೆ.
ನನ್ನ ಬೆರಳುದ್ದದ ಕಾಕಿಗಾಗಿ
ಇಪ್ಪತ್ತೆಂಟು ಮನೆಗಳ ಬಾಯಿ ಒಣಗಿತು.
ಚಿಕ್ಕದು ಮುಚ್ಚದಿದ್ದರೆ ದೊಡ್ಡದನ್ನೇ ಮುಚ್ಚಬೇಕು.

ಗೋಣಿತಾಟು ಹಾಸಿ ಅಂಗಾತ ಮಲಗಿದೆ.
ಇವರು ಮೊಬೈಲಿನ ಬೆಳಕು ಹಿಡಿದರು, ಜೊತೆಗೆ ಸಲಹೆ.
'ಎಡಕ್ಕೆ ತಿರುಗಿಸು.'
'ಯಾರ ಎಡಕ್ಕೆ?'
ಗೋಡೆಯೊಳಗೆ ತುಂಡಾದರೆ ಟೈಲ್ಸೇ ಒಡೆಯಬೇಕು,
ಪಾನಾ ಹಿಡಿದ ಕೈ ನಡುಗಿತು.
ಕಿರ್ರೆಂದಿತು. ಬಂತು.
ಗೋಡೆಯಲ್ಲಿ ರೂಪಾಯಿಯಗಲ ತುಕ್ಕಿನ ಬಾಯಿ.
ಕಿವಿಯೊಡ್ಡಿದೆ: ಯಾವ ಮನೆಯದೋ ಕೆಮ್ಮು,
ಎಲ್ಲೋ ಮೇಲೆ ಬಕೆಟ್ಟು ಎಳೆದ ಸದ್ದು, ಒಂದು ಬೈಗುಳ
(ನನಗೇ ಇರಬೇಕು).
ಇಷ್ಟು ವರ್ಷ ನೀರು ತುಂಬಿಕೊಂಡು ಹೇಳದೆ ಇಟ್ಟದ್ದು.

ಟೆಫ್ಲಾನ್ ಟೇಪು ಹದಿನಾಲ್ಕು ಸುತ್ತು.
ಮೊದಲ ಸಲ ಉಲ್ಟಾ ಸುತ್ತಿದ್ದೆ,
ಬಿಗಿಸಿದಷ್ಟೂ ಬಿಚ್ಚಿಕೊಂಡಿತು.
ಮತ್ತೆ ಸುತ್ತಿದೆ. ಸಲಹೆ ನಿಂತಿತ್ತು;
ಬೆಳಕು ಮಾತ್ರ ಅಲ್ಲಾಡದೆ ಇತ್ತು.

ಹಳೆಯ ಜೋಡಿಯನ್ನು ಭಂಗಾರಿನವನು ಉಗುರಿನಿಂದ ಗೀರಿ
'ಹಿತ್ತಾಳೆ ಅಲ್ಲ ಬಾಯಿ, ಬರೀ ಹೊಳಪು' ಎಂದು
ಹನ್ನೆರಡು ರೂಪಾಯಿ ಕೊಟ್ಟ.
ಪಾಟಣ್‌ಕರ್ ಬಾಯಿ ಚಹಾಕ್ಕೆ ಕರೆದರು.
ಕಲೆಯ ಕೆಳಗೇ ಕುರ್ಚಿ ಹಾಕಿದ್ದರು.
'ಒಣಗಲಿ, ದೀಪಾವಳಿಯ ತನಕ ಹಿಡಿಯುತ್ತದೆ' ಎಂದರು.

ಈಗ ಮೇಂಟೆನೆನ್ಸ್ ಚೆಕ್ಕು ಬರೆದ ದಿನ
ಬಗ್ಗಿ ಎರಡನ್ನೂ ಒಮ್ಮೆ ಮುಚ್ಚುತ್ತೇನೆ.
ಹಾಸಿಗೆಯಿಂದ ಇವರು: 'ಏನದು, ಇಷ್ಟು ಹೊತ್ತಿನಲ್ಲಿ?'
'ಮುಖ ತೊಳೀತಾ ಇದ್ದೀನಿ' ಎನ್ನುತ್ತೇನೆ,
ತಿರುಗಿಸಿಟ್ಟ ನಲ್ಲಿಯ ಕೆಳಗೆ ಅಂಗೈಯೊಡ್ಡಿ,
ಒಂದು ಹನಿಯೂ ಬೀಳದ್ದನ್ನು ಹಿಡಿಯುತ್ತ.