ಚಿರಿ

ಕುತಾಯಿಸಿಯಲ್ಲಿ ನವೆಂಬರ್. ದೂರವಾಣಿ ಕಟ್ಟಡದ ಲಿಫ್ಟು
ಕೆಟ್ಟು ಎಷ್ಟು ವರ್ಷವಾಯಿತೋ ಕಾವಲುಗಾರನಿಗೇ ನೆನಪಿಲ್ಲ.
ತ್ಬಿಲಿಸಿಯಿಂದ ಬಂದ ನಾನು ನಾಲ್ಕು ಮಹಡಿ ಹತ್ತಿದೆ,
ಹೆಗಲಲ್ಲಿ ಲ್ಯಾಪ್‌ಟಾಪು, ಕೈಯಲ್ಲಿ ಸುರುಳಿ ಸುತ್ತಿದ ಎರಡು ಹಾಳೆ.
ಒಂದು ಊರಿನ ಮಾತನ್ನೆಲ್ಲ ಬೇರೆ ಕಡೆಗೆ ಸಾಗಿಸಲು
ಇಷ್ಟು ಸಾಮಾನು ಸಾಕು.

ಬಾಗಿಲು ತೆರೆದರೆ ಬಿಸಿ ಉಸಿರು.
ಆಳೆತ್ತರದ ಕಪಾಟುಗಳು ಎರಡು ಸಾಲು, ನಡುವೆ ಓಣಿ,
ಓಣಿಯ ಕೊನೆಗೆ, ಬಿಸಿಗಾಳಿ ಹೊರಬೀಳುವಲ್ಲಿ,
ದಾರಕ್ಕೆ ಪೋಣಿಸಿದ ಪರ್ಸಿಮನ್ ಹಣ್ಣು,
ಸಿಪ್ಪೆ ಸುಲಿದವು, ಮೆಲ್ಲಗೆ ಸುಕ್ಕಾಗುತ್ತ.
"ಚಿರಿ," ಎಂದ ಮುರ್ಮಾನ್. "ಹತ್ತೊಂಬತ್ತು ವರ್ಷದಿಂದ ಇಲ್ಲೇ ಒಣಗಿಸುವುದು.
ಬಿಸಿಲನ್ನು ನಂಬುವ ಹಾಗಿಲ್ಲ ಈ ತಿಂಗಳಲ್ಲಿ."

ಆಮೇಲೆ ಮನೆಮಂದಿಯಂತೆ ಒಂದೊಂದನ್ನೇ ಪರಿಚಯಿಸಿದ:
ಇದು ಯಾರು ಯಾರೆಂದು ಬಲ್ಲದ್ದು, ಊರಿನ ಅಷ್ಟೂ ನಂಬರು ಬಾಯಿಪಾಠ.
ಇದಕ್ಕೆ ಹೆಸರು ಬೇಡ, ಎಲ್ಲಿದ್ದಾರೆ ಅಷ್ಟೇ ಬೇಕು;
ಬಸ್ಸಿನಲ್ಲಿ ತೂಕಡಿಸುವವನನ್ನು ಒಂದು ಗೋಪುರದ ಕಂಕುಳಿಂದ
ಇನ್ನೊಂದರ ಕಂಕುಳಿಗೆ ದಾಟಿಸುತ್ತದೆ, ನಿದ್ದೆ ಕೆಡದ ಹಾಗೆ.
ಅದು ಹೊಸ್ತಿಲು; ಇಂಟರ್ನೆಟ್ಟಿಗೆ ಹೋಗುವವರೆಲ್ಲ ದಾಟಬೇಕು.
ಮೂಲೆಯಲ್ಲಿರುವುದು ಲೆಕ್ಕದ್ದು. ಅದರ ಫ್ಯಾನು ಕೆಮ್ಮುತ್ತದೆ,
ಜಿಪುಣರಿಗೆಲ್ಲ ಕೆಮ್ಮು.
ಒಂದೊಂದಕ್ಕೂ ಒಂದೊಂದು ಕಂಪನಿ, ಒಂದೊಂದು ಬೀಗದ ಕೈ,
ಒಂದು ಸತ್ತರೆ ಇನ್ನೊಂದು ಅದರ ಕೆಲಸ ಮುಟ್ಟುವುದಿಲ್ಲ.

ನಾನು ಹಾಳೆ ಬಿಡಿಸಿ ಹಿಡಿದೆ.
ಹಳೆಯ ನಕ್ಷೆಯಲ್ಲಿ ಹನ್ನೊಂದು ಚೌಕ, ನಲವತ್ತಾರು ಗೆರೆ,
ಎಣ್ಣೆ ಕಾಣದ ಜಡೆಯ ಸಿಕ್ಕು.
ಹೊಸದರಲ್ಲಿ ಒಂದೇ ಚೌಕ. ಒಳಗೆ ಹೋಗುವ ಗೆರೆ, ಹೊರಗೆ ಬರುವ ಗೆರೆ.
"ಇನ್ನು ಪೆಟ್ಟಿಗೆಗಳಿಲ್ಲ, ಬಾತೊನೊ. ಕೆಲಸಗಳಷ್ಟೇ.
ತ್ಬಿಲಿಸಿಯಲ್ಲಿ, ಒಂದೇ ನಮೂನೆಯ ಯಂತ್ರಗಳು,
ಯಾವ ಕೆಲಸ ಯಾವುದರ ಮೈಮೇಲಾದರೂ ಬರಬಹುದು.
ಹೊಸವರ್ಷದ ರಾತ್ರಿ ಒಂದು ಹತ್ತಾಗುತ್ತದೆ,
ಬೆಳಗಾದರೆ ಮತ್ತೆ ಒಂದು."
"ಉಳಿದ ಒಂಬತ್ತು?"
"ಇರುವುದಿಲ್ಲ."
"ಸುಟ್ಟು ಹೋಗುತ್ತವಾ?"
"ಇಲ್ಲ. ಇರುವುದಿಲ್ಲ, ಅಷ್ಟೆ."

ಅವನು ಕನ್ನಡಕ ಹಣೆಗೇರಿಸಿ ಹಾಳೆಯನ್ನು ಹತ್ತಿರ ತಂದುಕೊಂಡ.
"ಆ ಗೆರೆಗಳೆಲ್ಲ ಎಲ್ಲಿ ಹೋದವು?"
"ಚೌಕದ ಒಳಗೆ."
"ಓಹೋ," ಎಂದ. "ಹಾಗಾದರೆ ಹೋಗಿಲ್ಲ."

ರಾತ್ರಿ ಎರಡು ನಲವತ್ತಕ್ಕೆ ಶುರು.
ನಾನು ಕೀಲಿಗಳನ್ನು ಒತ್ತುತ್ತಿದ್ದೆ, ಅವನು ಕಿವಿಗೊಟ್ಟು ನಿಂತಿದ್ದ.
ಮಲಗಿದ ಊರು ಮಗ್ಗುಲು ಬದಲಿಸಿದಷ್ಟೂ ಸದ್ದಿಲ್ಲ:
ಹೆರಿಗೆ ಆಸ್ಪತ್ರೆಯ ಗೇಟಿನಲ್ಲಿ ಕಾದವನ ಫೋನು,
ಮಾರುಕಟ್ಟೆಗೆ ಹೊರಟ ಸೊಪ್ಪಿನವಳ ಫೋನು,
ಝೆಸ್ತಫೋನಿಯ ಕುಲುಮೆಯಲ್ಲಿ ರಾತ್ರಿಪಾಳಿಯವರ ಫೋನುಗಳು
ಒಂದೊಂದಾಗಿ ಇಲ್ಲಿಂದೆದ್ದು ಕಾಣದ ಕಡೆ ಕೂತವು.
ಒಮ್ಮೆ ಮಾತ್ರ ಏಳುನೂರು ಮಂದಿ, ನಾಲ್ಕು ನಿಮಿಷ,
ಎಲ್ಲೂ ಇರಲಿಲ್ಲ. ನನ್ನದೇ ತಪ್ಪು, ಒಂದು ಅಲ್ಪವಿರಾಮ.
ಮುರ್ಮಾನ್ ಏನೂ ಕೇಳಲಿಲ್ಲ. ನೀರು ತಂದಿಟ್ಟ.

ಐದಕ್ಕೆ ಅವನೇ ಸ್ವಿಚ್ಚು ಆರಿಸಿದ.
ಹೊಸ್ತಿಲು ಮೊದಲು, ನೆನಪು ಕೊನೆಗೆ.
ಲೆಕ್ಕದ್ದು ಒಂದು ಸಲ ಕೆಮ್ಮಿ ನಿಂತಿತು.
ಆಗ ಕೇಳಿಸಿತು ರಿಯೋನಿ ನದಿ,
ಹತ್ತೊಂಬತ್ತು ವರ್ಷ ಕಿಟಕಿಯ ಕೆಳಗೇ ಹರಿದದ್ದು.
"ಇಷ್ಟು ಜೋರಾ ಇದು?" ಎಂದ.

ಅಕ್ಕನಿಗೆ ಕರೆ ಮಾಡಿ ನೋಡಿದ.
ಹೊತ್ತಲ್ಲದ ಹೊತ್ತಿಗೆ ಎಬ್ಬಿಸಿದ್ದಕ್ಕೆ ಅವಳು ಬೈದಳು.
ಬೈಗುಳ ಸ್ಪಷ್ಟವಾಗಿತ್ತು, ಎಲ್ಲೂ ಕಡಿಯಲಿಲ್ಲ.
ವರದಿಯಲ್ಲಿ ಬರೆದೆ: ಧ್ವನಿ ಪರೀಕ್ಷೆ, ಸಫಲ.

ಕೋಣೆ ತಣ್ಣಗಾಗತೊಡಗಿತ್ತು. ದಾರ ಬಿಚ್ಚಿ
ನಾಲ್ಕು ಹಣ್ಣನ್ನು ಹಳೆಯ ನಕ್ಷೆಯಲ್ಲಿ ಸುತ್ತಿ ಕೊಟ್ಟ.
"ಇನ್ನೂ ಹತ್ತು ದಿನ ಬೇಕಿತ್ತು."
ರೈಲಿನಲ್ಲಿ ಬಿಡಿಸಿದೆ. ನಲವತ್ತಾರು ಗೆರೆಗೂ ಅಂಟು.
ಫೋನಿನ ಮೂಲೆಯಲ್ಲಿ ಸಿಗ್ನಲ್ಲಿನ ಅಷ್ಟೂ ಕಡ್ಡಿ ನೆಟ್ಟಗೆ ನಿಂತಿದ್ದವು.
ಕಚ್ಚಿದೆ: ಹೊರಗೆ ಸಿಹಿ,
ನಡುವೆ, ನಾಲಗೆ ಹಿಡಿಯುವ ಒಗರು.