ಬೆಂದಿಲ್ಲ

ಬೋಳಾರದ ಹೊಳೆಬದಿಯ ಹಳೆಯ ಚಿಮಣಿಗೆ
ಸುಣ್ಣ ಬಳಿದು ಬಳ್ಳಿ ಹಬ್ಬಿಸಿದ್ದಾರೆ.
ಮಣ್ಣು ನೆನೆಹಾಕುತ್ತಿದ್ದ ಗುಂಡಿಯಲ್ಲೀಗ ತಾವರೆ,
ಅದರಡಿ ಕೆಂಪು ಮೀನು.
ಕುಂಡದಲ್ಲೊಂದು ಆಲಿವ್ ಸಸಿ, ಮೊಣಕಾಲೆತ್ತರ,
ಈ ಊರಿನ ಸೆಕೆಗೆ ಮುಖ ಸಿಂಡರಿಸಿಕೊಂಡು ನಿಂತಿದೆ.

ವಾರಿಜ ದೊಡ್ಡಮ್ಮನಿಗೆ ನಾನು ಹೇಳಿರಲಿಲ್ಲ
ಎಲ್ಲಿಗೆ ಅಂತ. ಎಪ್ಪತ್ತೆಂಟು ತುಂಬಿದ ದಿನ,
ಒಂದು ಒಳ್ಳೆಯ ಊಟ, ಅಷ್ಟೇ ಅಂದಿದ್ದೆ.
ರಿಕ್ಷಾದಿಂದ ಇಳಿದವಳು ಗೇಟಿನ ಬೋರ್ಡು ಓದಲಿಲ್ಲ,
ನೇರ ಮಾವಿನ ಮರದತ್ತ ನಡೆದಳು;
ಬುಡದಲ್ಲಿ ಕೂತಿದ್ದ ಜೋಡಿಯೊಂದು ಬೆಚ್ಚಿ ಎದ್ದಿತು.
"ಇಲ್ಲೇ ನಮ್ಮ ಬುತ್ತಿ. ಗಂಜಿ, ಸುಟ್ಟ ಒಣ ನಂಗು.
ಕಾರ್ಖಾನೆಯ ಹನ್ನೆರಡೂವರೆ ಕೂಗಿನಿಂದ
ಒಂದರ ಕೂಗಿನ ತನಕ."
ಬೇರೆ ಮೇಜು ಬೇಡವೆಂದಳು.

ಬಡಿಸಲು ಬಂದವನು ಹಾವೇರಿ ಕಡೆಯ ಫಕ್ಕೀರೇಶ.
"ಇದು ಹಮ್ಮಸ್ ರೀ, ಇದು ಪೀಟಾ, ಇದು ಕುರಿ ಕಬಾಬ್.
ಎಲ್ಲಾರೂ ಹಂಚಿಕೊಂಡ ತಿನ್ನೂದು."
ಹಂಚು ಎಂಬ ಸದ್ದಿಗೆ ದೊಡ್ಡಮ್ಮ ತಲೆಯೆತ್ತಿದಳು.
ಕಬಾಬು ಬಂದದ್ದೂ ಹಂಚಿನ ಮೇಲೆಯೇ,
ಮಾಡಿಗೆ ಹೊದೆಸುವ ಹಂಚು, ಬಾಳೆಲೆಯ ಚೂರು ಹಾಸಿ,
ಮೇಲೆ ಈರುಳ್ಳಿ, ಪುದೀನ, ಸೀಳಿದ ನಿಂಬೆ.

ಹಮ್ಮಸ್ಸಿಗೆ ಒಗ್ಗರಣೆ ಮರೆತಿದ್ದಾರೆ ಎಂದಳು.
ಆಲಿವನ್ನು ಬಾಯಿಗಿಟ್ಟು ಬಹಳ ಹೊತ್ತು ಸುಮ್ಮನಿದ್ದಳು.
"ಉಪ್ಪಿನಲ್ಲಿಟ್ಟ ಅಂಬಟೆ ಹಾಳಾದರೆ ಹೀಗೇ,"
ಎಂದು ಇನ್ನೊಂದು ತೆಗೆದುಕೊಂಡಳು. ಮತ್ತೊಂದು.
ಬೀಜಗಳನ್ನು ಸೆರಗಿನ ತುದಿಗೆ ಕಟ್ಟಿದಳು.

ಆಮೇಲೆ ಕಬಾಬನ್ನೆಲ್ಲ ನನ್ನ ತಟ್ಟೆಗೆ ಸರಿಸಿ
ಹಂಚನ್ನು ಮಗುಚಿದಳು. ಹೆಬ್ಬೆರಳಿಂದ ಅಂಚು ಸವರಿದಳು.
ಮೂವತ್ತೊಂದು ವರ್ಷ ಹಸಿ ಹಂಚಿನ ಅಂಚು ಕೆರೆದ ಬೆರಳು,
ಉಗುರು ಅರ್ಧವೇ ಬೆಳೆಯುವುದು.
ಕಿವಿಗೆ ಹಿಡಿದು ಗೆಣ್ಣಿನಿಂದ ಬಡಿದಳು.
ಒಮ್ಮೆ. ಇನ್ನೊಮ್ಮೆ.
"ಬೆಂದಿಲ್ಲ," ಅಂದಳು, ಗಟ್ಟಿಯಾಗಿ.

ಫಕ್ಕೀರೇಶ ಓಡಿ ಬಂದ. "ಬೆಂದಿಲ್ಲೇನ್ರಿ ಅಮ್ಮಾ?
ತಪ್ಪಾತ್ರಿ, ಈಗ ಬ್ಯಾರೆ ಮಾಡಿಸಿಕೊಂಡ ಬರ್ತೀನಿ."
"ಇನ್ನು ನೀನು ಎಷ್ಟು ಸುಟ್ಟರೂ ಆಗಲಿಕ್ಕಿಲ್ಲ ಮಗಾ.
ಸರಿ ಬೆಂದದ್ದು ಗಂಟೆಯ ಹಾಗೆ ಕೂಗಬೇಕು.
ಇದಕ್ಕೆ ಕೊನೇ ರಾತ್ರಿಯ ಸೌದೆ ಕಡಿಮೆ ಬಿದ್ದಿದೆ."
ಅವನು ಕಬಾಬನ್ನು ನೋಡಿದ, ನನ್ನನ್ನು ನೋಡಿದ,
ಮ್ಯಾನೇಜರು ನಿಂತಿದ್ದ ಕಡೆ ನೋಡಿದ.

ಬೇಯದೆ ಉಳಿದದ್ದು ಯಾವುದೆಂದು ನಾನೇ ಹೇಳಬೇಕಾಯಿತು.
ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತ,
ಗೆಣ್ಣು ಮಡಿಸಿ ತಾನೂ ಬಡಿದ, ಕಿವಿ ಕೊಟ್ಟ.
"ನಾವು ಕಲ್ಲಂಗಡಿ ಹಿಂಗ ನೋಡ್ತೇವ್ರಿ."
ಎದ್ದು ಒಳಗೆ ಹೋಗಿ, ತೊಳೆದು ಜೋಡಿಸಿಟ್ಟ ಹಂಚುಗಳನ್ನು
ಎದೆಗವಚಿ ತಂದ, ಇನ್ನೂ ನೀರು ಸೋರುತ್ತಿದ್ದವು.

ಹೊಳೆಯ ಕಡೆಯಿಂದ ಸ್ವಲ್ಪ ಗಾಳಿ. ಪಕ್ಕದ ಮೇಜಿನವರು
ಫೋನು ಕೆಳಗಿಟ್ಟು ತಿರುಗಿ ಕೂತರು.
ಬೆಂದಿಲ್ಲ. ಬೆಂದಿಲ್ಲ. ಇದು ಬಿರುಕು.
ಇದು ಪರವಾಗಿಲ್ಲ, ದನದ ಕೊಟ್ಟಿಗೆಗೆ ಸಾಕು.

ಏಳನೆಯದು ಕೂಗಿತು.
ದೊಡ್ಡಮ್ಮ ಕೈಯೊರೆಸಿಕೊಂಡು ಎದ್ದು ನಿಂತಳು,
ತಟ್ಟೆಯಲ್ಲಿ ಅರ್ಧ ಪೀಟಾ ಹಾಗೇ ಇತ್ತು.