ಪೆನ್ಸಿಲಿನ ತಾರೀಖು

ಬಾಲ್ಟಿಮೋರಿನ ಈ ಇಟ್ಟಿಗೆ ಸಾಲುಮನೆಗಳ ಬೀದಿಗೆ
ಸಂಜೆ ಆರಾದರೆ ನನ್ನದೇ ಗಸ್ತು.
ಪೇಟೆಗೆ ನಾಟಕ ನೋಡಲು ಬಂದವರು
ಹತ್ತು ಡಾಲರ್ ಉಳಿಸಲು ಇಲ್ಲಿ ನುಸುಳುತ್ತಾರೆ.
ಬರೆದು ವೈಪರಿನಡಿ ಸಿಕ್ಕಿಸುತ್ತೇನೆ,
ಮುಲಾಜಿಲ್ಲ.

ಮನೆಗೆರಡು ಸ್ಟಿಕ್ಕರು. ನೆಂಟರಿಗೆ
ಹದಿನಾಲ್ಕು ಚೀಟಿ, ವರ್ಷಕ್ಕೆ.
ಹದಿನೈದನೆಯ ದಿನ
ಯಾರಿಗೆ ಯಾರೂ ನೆಂಟರಲ್ಲ.

ನಾನೂರ ಹನ್ನೊಂದರ ಒಡೆಸ್ಸಾ ಪ್ರೂಯಿಟ್‌ಗೆ
ಕಾರೇ ಇಲ್ಲ. ಆದರೂ ಪ್ರತಿ ಮಾರ್ಚಿನಲ್ಲಿ
ಕರೆಂಟು ಬಿಲ್ಲು ಹಿಡಿದು ಕಚೇರಿಯ ಸಾಲಿನಲ್ಲಿ ನಿಂತಿರುತ್ತಾಳೆ,
ತುಟಿಗೆ ಬಣ್ಣ ಹಚ್ಚಿ.
ಗುರುವಾರ ಬಂತೆಂದರೆ ಅವಳ ಮೆಟ್ಟಿಲೆದುರು
ಬೂದು ಬಣ್ಣದ ಹಳೇ ಬ್ಯೂಕ್,
ಗಾಜಿನೊಳಗೆ ಚೀಟಿ.

ಟಾರ್ಚು ಬಿಟ್ಟು ನೋಡಿದೆ:
ಪೆನ್ಸಿಲು!
ಅಳಿಸಿ ಬರೆದು, ಅಳಿಸಿ ಬರೆದು
ಕಾಗದ ಈರುಳ್ಳಿ ಸಿಪ್ಪೆಯಾಗಿದೆ.
ಅಕ್ಟೋಬರಿನಡಿ ಆಗಸ್ಟು,
ಅದರಡಿ ಮಸುಕಾಗಿ ಜೂನು.
ನಿಯಮದ ಪ್ರಕಾರ ಶಾಯಿ, ಅದೂ ಕಪ್ಪು.

ಮೇಲಿನ ಕಿಟಕಿಯಲ್ಲಿ ಇಸ್ಪೀಟು ಕಲೆಸುವ ಸದ್ದು.
ಗಂಡಸೊಬ್ಬ ಏನೋ ಅಂದ.
ಒಡೆಸ್ಸಾ ನಕ್ಕಳು.
ಹನ್ನೊಂದು ವರ್ಷದ ಗಸ್ತಿನಲ್ಲಿ
ಆ ಸದ್ದು ಕೇಳಿದ್ದು ಇದೇ ಮೊದಲು.

ಪೆನ್ನಿನ ಮುಚ್ಚಳ ಬಿಚ್ಚಿ ಆಗಿತ್ತು.
ಸುಮ್ಮನೆ ಹೇಗೆ ಜೇಬಿಗಿಡಲಿ?
ಮುಂದಿನ ಕಾರಿನ ಸ್ಟಿಕ್ಕರು ನಿನ್ನೆಗೇ ಮುಗಿದಿತ್ತು,
ಅದಕ್ಕೆ ಬರೆದೆ.
ಪಾದ್ರಿಯ ಕಾರಂತೆ.
ಇರಲಿ.